ಮಸ್ಕತ್ತಿನಲ್ಲಿ ರಾಯಚೂರು ಕೈ

ಕ್ಯಾಸೆಟ್, ಬಾಂಬೆಯಿಂದ ರಾಯಚೂರಿಗೆ
೧೦ ನವೆಂಬರ್ ೧೯೮೫

ಮಾಸ್ತರ್ರ, ನಾನ್ರಿ, ಸಲಾವುದ್ದೀನ್. ಮಾನ್ವಿ ಅಮೀರ್ ಸಾಬರ ಮಗ. ಕೆಂಪು ಗುಂಡಿ ಒತ್ತೀನಿ, ಚಕ್ರ ತಿರಗಾಕತ್ತದ, ಅಂದ್ರ ನನ್ನ ಮಾತು ಒಳಗ ಹೋಗಾಕತ್ತದ. ಕನ್ನಡ ಓದ್ತೀನಿ ಖರೇ, ಬರಿಯಾಕ ಕುಂತ್ರ ಕೈ ಉರ್ದು ಸಾಲಿ ಕಡೀಗೆ ಓಡ್ತದ. ಅದಕ್ಕ ಈ ಕ್ಯಾಸೆಟ್. ನಬೀಸಾಬರ ಸೈಕಲ್ ಅಂಗಡ್ಯಾಗ ಟೇಪ್ ರೆಕಾರ್ಡರ್ ಅದ, ಅಲ್ಲಿ ಹಾಕಿಸಿ ಕೇಳ್ರಿ. ನಾ ಸಣ್ಣಗ ಮಾತಾಡಾಕತ್ತೀನಿ, ಈ ಬ್ಯಾಗ್ ಹೊಲಿಯೋ ಖೋಲ್ಯಾಗ ಮಂದಿ ಮಷಿನ್ ಬಾಜೂಕ ಮಲಗ್ಯಾರ.

ಸುದ್ದಿ ಹೇಳ್ತೀನಿ, ಮೊದಲು ಕೂಡ್ರಿ. ನಾ ಮಸ್ಕತ್ತಿಗೆ ಹೊಂಟೀನಿ. ಬ್ಯಾಗ್ ಹೊಲಿಯಾಕ ಅಲ್ರಿ, ಕರಾಟೆ ಕಲಸಾಕ.

ಹೆಂಗಾತಂದ್ರ, ನಾ ಮುಂಜಾನೆ ಹೋಗೋ ಕ್ಲಾಸಿನ ದೊಡ್ಡ ಸರ್ ಹೋಗಬೇಕಿತ್ತು. ಮಸ್ಕತ್ತಿನ್ಯಾಗ ಒಂದು ಕ್ಲಬ್ ಅದ, ಅವರು ಮೂರು ವಾರದ ಶಿಬಿರ ಇಟ್ಟಾರ. ಸರ್ ಮೋಟರ್ ಸೈಕಲ್ ಮ್ಯಾಲಿಂದ ಬಿದ್ದು ಕಾಲು ಮುರಕೊಂಡ್ರು. ದವಾಖಾನ್ಯಾಗ ನೋಡಾಕ ಹೋದ್ರ ನನ್ನ ಕಡೆ ಬಟ್ಟು ಮಾಡಿ, ‘ನಿನ್ನ ಕಾತಾ ಸ್ವಚ್ಛ ಅದ, ಹೆಜ್ಜಿ, ಒದೆತ, ಗುದ್ದು ಎಲ್ಲಾ ಸಾಲಾಗಿ ಬರ್ತಾವ, ನೀ ಹೋಗು’ ಅಂದ್ರು. ನಾ ಹಣ್ಣಿನ ಚೀಲ ಕೆಳಗ ಇಡೂದೂ ಮರ್ತೆ. ಪಾಸ್‌ಪೋರ್ಟ್ ಹೋದ ವರ್ಷನೇ ಮಾಡಿಸಿದ್ದೆ, ಸೌದಿಗೆ ಡ್ರೈವರ್ ಆಗಿ ಹೋಗೂಣು ಅಂತ. ಗಾಡಿ ಹೊಡಿಯೂದು ಒಂದು ಕಲೀಲಿಲ್ಲ.

ಈಗ ಖರೇ ಮಾತು. ಶಿಬಿರದ ಕಡೀ ಮೂರು ದಿನ ಜಪಾನದಿಂದ ಮೊರಿಶಿತಾ ಅನ್ನೋ ಹಿರಿಯರು ಬರ್ತಾರ. ನಮ್ಮ ಕಾತಾ ಯಾವ ಪಂಗಡದ್ದೋ ಅದಕ್ಕ ಅವರೇ ದೊಡ್ಡವರು. ನನ್ನ ಕಾತಾ ನೋಡಿ ಸೈ ಅಂದ್ರ, ಕಲಿಸಿದ ಗುರುವಿನ ಕ್ಲಾಸಿಗೆ ಮಾನ್ಯತಾ ಕೊಡ್ತಾರಂತ. ಅಂದ್ರ ನಿಮಗ, ಮಾಸ್ತರ್ರ. ಜಪಾನದ ಮುದ್ರಿ ಇರೋ ಕಾಗದ ನಿಮ್ಮ ಗ್ವಾಡಿ ಮ್ಯಾಲ ಬರ್ತದ. ಉರುಕುಂದಪ್ಪಂದು ಕರಾಟೆ ಅಲ್ಲ ಕೋಲಾಟ ಅಂತ ನಕ್ಕಾರಲ್ಲ, ಅವರನ್ನ ಕರಸಿ ಅದರ ಕೆಳಗ ಚಹಾ ಕುಡಸ್ರಿ.

ಒಂದು ಕೇಳೂದಿತ್ತು. ಕಾತಾದಾಗ ಬಲಕ್ಕ ತಿರುಗಿ ಒದ್ದ ಮ್ಯಾಲ ನಾವು ಕೈಯಿಂದ ಒಂದು ಮಾಡ್ತೀವಲ್ಲ, ಅದು ಬಾಂಬೆದವರು ಯಾರೂ ಮಾಡಂಗಿಲ್ಲ. ಯಾಕ ಮಾಡ್ತಿ ಅಂತ ಕೇಳ್ತಾರ. ನಾ ಏನೋ ಒಂದು ಹೇಳೀನಿ. ನೀವು ಖರೇದ್ದು ಬರೀರಿ.

ರಾಯಚೂರು
೨೧ ನವೆಂಬರ್ ೧೯೮೫

ಪ್ರೀತಿಯ ಸಲಾವುದ್ದೀನನಿಗೆ ಉರುಕುಂದಪ್ಪನ ಆಶೀರ್ವಾದ.

ದೇವದುರ್ಗದ ಬಸ್ಸಿನ ಡ್ಯೂಟಿ ಮುಗಿಸಿ, ಹೆಗಲ ಮೇಲಿನ ಟಿಕೆಟ್ ಚೀಲವನ್ನೂ ಇಳಿಸದೆ ನಬೀಸಾಬರ ಅಂಗಡಿಯಲ್ಲಿ ನಿನ್ನ ಕ್ಯಾಸೆಟ್ ಕೇಳಿದೆ. ಪಂಕ್ಚರ್ ಹಾಕಿಸಲು ಬಂದವರೆಲ್ಲ ಸುತ್ತ ನಿಂತರು. ನಬೀಸಾಬರು ಎರಡು ಸಲ ಹಾಕಿಸಿ ಕೇಳಿ, “ಏನ್ರೀ ಮಾಸ್ತರ್, ನಿಮ್ಮ ಹುಡುಗ ಅರಬ್ಬರಿಗೆ ಒದಿಯಾಕ ಕಲಸ್ತಾನಂತ. ಅವರು ಒಂಟಿ ಕಡಿಂದ ಕಲ್ತಿರಂಗಿಲ್ಲೇನು?” ಎಂದರು. ನಕ್ಕೆವು. ಮನೆಗೆ ಬರುವಾಗ ಮಾತ್ರ ನಮ್ಮ ಓಣಿ ದಾಟಿ ಎಷ್ಟೋ ಮುಂದೆ ಹೋಗಿಬಿಟ್ಟಿದ್ದೆ.

ಅವ್ವನಿಗೆ ಹೇಳಿದೆ. “ಮಸ್ಕತ್ ಅಂದ್ರ ಹೈದರಾಬಾದ್ ದಾಟಿ ಬರ್ತದೇನು?” ಎಂದು ಕೇಳಿದಳು. ಸಮುದ್ರ ದಾಟಿ ಎಂದೆ. “ಕೂಸು ಮಾನ್ವಿ ಬಸ್ಸಿನ್ಯಾಗೇ ವಾಂತಿ ಮಾಡ್ಕೋತಿತ್ತು, ಇಮಾನದಾಗ ಹೆಂಗ ಮಾಡ್ತದೋ. ಲಿಂಬಿಕಾಯಿ ಇಟ್ಗೊಂಡು ಹೋಗಂತ ಬರಿ” ಎಂದಳು. ಬರೆದಿದ್ದೇನೆ.

ತರಗತಿ ಚೆನ್ನಾಗಿ ನಡೆಯುತ್ತಿದೆ. ಗಿಲ್ಲೆಸುಗೂರಿನಿಂದಲೂ ಹುಡುಗರು ಬಸ್ಸು ಹಿಡಿದು ಬರುತ್ತಾರೆ. ನಮ್ಮ ಮನೆಯ ಅಂಗಳ ಸಾಲದು. ಇಲ್ಲಿಯ ಚಿಂತೆ ನಿನಗೆ ಬೇಡ.

ಕೈಯ ಬಗ್ಗೆ ಕೇಳಿದ್ದೀಯ. ಸಿಕಂದರಾಬಾದಿನಲ್ಲಿ ನಾನು ಹೋಟೆಲಿನ ಲೋಟ ತೊಳೆಯುತ್ತಿದ್ದಾಗ ಮಿಲಿಟರಿಯ ಹವಾಲ್ದಾರರೊಬ್ಬರು ನನಗೆ ಇದನ್ನು ಕಲಿಸಿದರು. ಯಾಕೆ ಎಂದು ನಾನು ಅವರನ್ನು ಒಮ್ಮೆಯೂ ಕೇಳಲಿಲ್ಲ. ನೀನು ಹತ್ತು ವರ್ಷ ನನ್ನ ಹಿಂದೆ ನಿಂತು ಕಲಿತವನು. ಬಾಂಬೆ ನೋಡಿದ ಮೇಲೆ ರಾಯಚೂರಿನ ಪಾಠದ ಮೇಲೆ ಅನುಮಾನ ಬಂದಿದ್ದರೆ ಹಾಗೆಂದು ನೇರವಾಗಿ ಹೇಳು. ಇಲ್ಲವಾದರೆ ಕಲಿಸಿದ ಹಾಗೆ ಮಾಡು.

ನಿನ್ನ
ಉರುಕುಂದಪ್ಪ

ಕ್ಯಾಸೆಟ್, ಮಸ್ಕತ್ತಿನಿಂದ ರಾಯಚೂರಿಗೆ
೬ ಡಿಸೆಂಬರ್ ೧೯೮೫

ಮಾಸ್ತರ್ರ, ವಾಂತಿ ಆಗ್ಲಿಲ್ಲ. ಅವ್ವಗ ಮೊದಲು ಅದನ್ನ ಹೇಳ್ರಿ. ಲಿಂಬಿಕಾಯಿ ಬಾಜೂ ಸೀಟಿನವಗ ಕೊಟ್ಟೆ, ಅವನಿಗೆ ಆತು.

ಇಲ್ಲಿ ಹಾಲ್ ನೋಡಿದ್ರ ನೀವು ಚಪ್ಪಲಿ ಬಿಡೋ ಮೊದಲು ನಮಸ್ಕಾರ ಮಾಡ್ತೀರಿ. ನೆಲ ಪೂರಾ ಕಟ್ಟಿಗಿದು, ಎಣ್ಣಿ ಹಚ್ಚಿದಂಗ ಹೊಳಿತದ. ಒಂದು ಶೇಂಗಾ ಸಿಪ್ಪಿ ಚುಚ್ಚಂಗಿಲ್ಲ. ಎಂಟು ಎಮ್ಮಿ ಕಟ್ಟಿದ್ರೂ ಜಾಗ ಉಳಿತದ. ಮೊದಲನೇ ದಿನ ಬಾಗಿಲ್ದಾಗ ನಿಂತೀನಿ, ಒಳಗ ಅರವತ್ತು ಮಂದಿ ಬಿಳೇ ಕರಾಟೆ ಅಂಗಿ ಹಾಕ್ಕೊಂಡು ಸಾಲಾಗಿ ಕುಂತಾರ. ಒಮಾನಿ ಪೊಲೀಸರು, ಕೇರಳದ ಅಡಗಿಯವರು, ಆಫೀಸಿನವರು. ನಾ ಯಾರದೋ ಹಿಂದ ಹೋಗಿ ಕೂಡಾಕ ಹೊಂಟಿದ್ದೆ. ಕ್ಲಬ್ಬಿನ ಕಾರ್ಯದರ್ಶಿ ಮ್ಯಾಥ್ಯೂ ನನ್ನ ತೋಳು ಹಿಡಿದು ಎಲ್ಲಾರ ಮುಂದ ನಿಂದ್ರಿಸಿದ. ಅರವತ್ತೂ ತೆಲಿ ಒಮ್ಮಿಗೇ ನೆಲಕ್ಕ ಬಾಗಿದ್ವು. ನನಗರಿ. ನಮ್ಮಪ್ಪಗ ಹೇಳಿದ್ರ ನಂಬಂಗಿಲ್ಲ. ದೇವದುರ್ಗ ಸಂತ್ಯಾಗ ಬಳಿ ಮಾರಾಕ ಕುಂತಾಗ ಯಾರೂ ಅವನ ಮುಂದ ಬಾಗಿಲ್ಲ, ಬಳಿ ಆರಿಸಾಕ ಬಿಟ್ರ.

ನಿಮ್ಮ ಪತ್ರ ಬರೂದ್ರಾಗ ನಾ ಬಾಂಬೆ ಬಿಡೋ ತಯ್ಯಾರಿ. ಅಂಗಳ ಸಾಲದು ಅಂತ ಬರ್ದೀರಿ, ಅದನ್ನ ಓದಿ ಓದಿ ಖುಷಿ ಪಟ್ಟೀನಿ. ಅನುಮಾನ ಅಂದ್ರಲ್ಲ, ಅದು ಮಾತ್ರ ಬ್ಯಾಡ್ರಿ. ನಿಮ್ಮ ಮ್ಯಾಲ ಅನುಮಾನ ಪಟ್ರ ನನ್ನ ಕಾಲ ಮ್ಯಾಲ ನಾನೇ ಅನುಮಾನ ಪಟ್ಟಂಗ.

ಆ ಕೈ ಇಲ್ಲಿ ದೊಡ್ಡ ಹೆಸರು ಮಾಡ್ಯದ, ಕೇಳ್ರಿ. ಬಲಕ್ಕ ತಿರುಗಿ ಒದೀತೀವಿ. ಕಾಲು ಹಿಂದಕ್ಕ ತಗೀತೀವಿ. ಆಮ್ಯಾಲ ಬಗ್ಗಿ, ಬಲಗೈ ಮೊಣಕಾಲಿನ ಕೆಳತನಕ ಇಳಿಸಿ, ಏನೋ ಮುಟ್ಟಿದಂಗ ಮಾಡಿ, ಎದೀಗೆ ತಂದು ಹಚ್ತೀವಿ. ಸುಲೇಮಾನ್ ಅಂತ ಒಬ್ಬ ಪೊಲೀಸ್, ಅವನ ಮುಂಗೈ ನನ್ನ ತೊಡಿಯಷ್ಟು ಅದ. ಅವ ಕೇಳಿದ, ಇದು ಯಾಕ? ನಾ ಅಂದೆ, ವೈರಿ ಕೆಳಗಿಂದ ಕತ್ತಿ ಬೀಸ್ತಾನ. ನೀ ಅವನ ಮಣಿಕಟ್ಟು ಹಿಡಿದು ಮ್ಯಾಲ ಎಳೆದು ಎದಿಗೆ ಒತ್ತಿ ಮುರೀತಿ. ಹಾಲ್ ಪೂರಾ ‘ಓ’ ಅಂತು. ಮಾಡಿ ತೋರಿಸಿದೆ, ಸುಲೇಮಾನನ ಕೈಯಿಂದ ಕಟ್ಟಿಗಿ ಕತ್ತಿ ಖರೇನೇ ಜಾರಿ ಬಿತ್ತು. ಈಗ ಅದಕ್ಕ ರಾಯಚೂರು ಕೈ ಅಂತಾರ್ರಿ. ಚಹಾದ ಹೊತ್ತಿನ್ಯಾಗ ಮಂದಿ ಒಬ್ಬರಿಗೊಬ್ಬರು ಹೇಳಿ ಮಾಡಸ್ತಾರ. ಅರಬ್ಬರ ಬಾಯಾಗ ನಮ್ಮೂರ ಹೆಸರು.

ಮ್ಯಾಥ್ಯೂನ ತಮ್ಮ ನಾಳೆ ಬಾಂಬೆಗೆ ಹೊಂಟಾನ, ಅವನ ಕೈಯಾಗ ಈ ಕ್ಯಾಸೆಟ್ ಕಳಸ್ತೀನಿ.

ತಂತಿ, ರಾಯಚೂರಿನಿಂದ ಮಸ್ಕತ್ತಿಗೆ
೧೩ ಡಿಸೆಂಬರ್ ೧೯೮೫

ಒದೆತದ ನಂತರದ ಕೈ ಕಲಿಸಬೇಡ. ಜಪಾನಿಗೆ ತೋರಿಸಬೇಡ. ಪತ್ರ ಬರುತ್ತಿದೆ. ಉರುಕುಂದಪ್ಪ.

ರಾಯಚೂರು
೧೩ ಡಿಸೆಂಬರ್ ೧೯೮೫

ಸಲಾವುದ್ದೀನ್,

ತಂತಿ ಕೊಟ್ಟು ನೇರ ಮನೆಗೆ ಬಂದು ಕುಳಿತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಸಂಜೆ ನಬೀಸಾಬರ ಮಗಳು ರಜಿಯಾ ಬೇಗಂ, ಅವಳೂ ನನ್ನ ವಿದ್ಯಾರ್ಥಿನಿ, ಅಪ್ಪನ ಟೇಪ್ ರೆಕಾರ್ಡರನ್ನು ಸೈಕಲ್ಲಿಗೆ ಕಟ್ಟಿಕೊಂಡು ನಮ್ಮ ಮನೆಗೆ ತಂದಳು. ಅವ್ವನೂ ನಿನ್ನ ದನಿ ಕೇಳಲಿ ಎಂದು ಅವಳ ಆಸೆ. ಅವ್ವ ಎಂದಿನಂತೆ ಅಡುಗೆಮನೆಯ ಹೊಸ್ತಿಲ ಹೊರಗೆ ಮೊರ ಮುಂದಿಟ್ಟುಕೊಂಡು ಶೇಂಗಾ ಒಡೆಯುತ್ತಿದ್ದಳು. ನೀನು ಕೈಯ ವರ್ಣನೆ ಶುರು ಮಾಡಿದೆ. ರಜಿಯಾ ಹುರುಪಿನಿಂದ ಎದ್ದು ಅಂಗಳದಲ್ಲಿ ಅದನ್ನೇ ಮಾಡಿ ತೋರಿಸಿದಳು. ಕತ್ತಿ, ಮಣಿಕಟ್ಟು ಎಂದು ನೀನು ಹೇಳುತ್ತಿದ್ದಂತೆ ಅವ್ವ ನಗಲು ತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಕೆಮ್ಮು ಬರುವವರೆಗೆ ನಕ್ಕಳು.

“ಯಾಕವ್ವ?” ಎಂದೆ.

“ಲೇ ಉರುಕುಂದ, ಕತ್ತಿ ಎಲ್ಲಿಂದ ಬಂತಲೇ? ಅದು ನನ್ನ ಮೊರ. ನೀ ಒದೆಯೂದು ಕಲಸಾಕ ನಿಂತಾಗ ಕಾಲು ಬಂದು ಇದಕ್ಕ ತಾಕ್ತಿತ್ತು. ನೀ ಬಗ್ಗಿ ಮುಟ್ಟಿ ಎದೀಗೆ ಹಚ್ಗೋತಿದ್ದಿ. ನಿನ್ನ ಹಿಂದಿನ ಹುಡುಗ್ರೂ ಹಂಗೇ ಮಾಡ್ತಿದ್ವು. ಎಂಥಾ ಸಂಸ್ಕಾರದ ಹುಡುಗ್ರಪ ಅಂತ ನಾ ಅಂದ್ಕೊಂಡಿದ್ದೆ.”

ರಜಿಯಾ ಎದೆಯ ಮೇಲಿಟ್ಟ ಕೈಯನ್ನು ತೆಗೆಯುವುದನ್ನೇ ಮರೆತು ನಿಂತಳು.

ನಿಜ, ಸಲಾವುದ್ದೀನ್. ಅವಳು ಹೇಳಿದ ಕೂಡಲೇ ನನಗೆ ನೆನಪಾಯಿತು. ಹವಾಲ್ದಾರರು ಆ ಕೈ ಕಲಿಸಿರಲಿಲ್ಲ. ಬಲಕ್ಕೆ ಒದ್ದರೆ ಕಾಲು ಹೋಗುವುದು ಹೊಸ್ತಿಲ ಕಡೆಗೆ. ಅಲ್ಲಿ ಕಾಳು ತುಂಬಿದ ಮೊರ. ಮೊರಕ್ಕೆ ಕಾಲು ತಾಕಿದರೆ ನಮ್ಮಲ್ಲಿ ಯಾರು ತಾನೇ ಮುಟ್ಟಿ ಎದೆಗೆ ಒತ್ತಿಕೊಳ್ಳದೆ ಇರುತ್ತಾರೆ? ಆಮೇಲೆ ತಾಕಲಿ ಬಿಡಲಿ ಕೈ ತಾನಾಗಿಯೇ ಹೋಗತೊಡಗಿತು. ನೀವು ಅದನ್ನು ಪಾಠವೆಂದು ಕಲಿತಿರಿ. ನಿಮ್ಮನ್ನು ನೋಡಿ ನೋಡಿ ನಾನೂ ಪಾಠವೆಂದೇ ನಂಬಿದೆ.

ಇನ್ನೊಂದು ಮಾತು. ಅಂಗಳ ಸಾಲದು ಎಂದು ಬರೆದದ್ದು ಸುಳ್ಳು. ಸ್ಟೇಷನ್ ಕಡೆ ಹೊಸ ಕರಾಟೆ ತರಗತಿ ಶುರುವಾಗಿ ವರ್ಷವಾಯಿತು. ಅಲ್ಲಿ ಬಣ್ಣದ ಸರ್ಟಿಫಿಕೇಟ್ ಕೊಡುತ್ತಾರೆ. ನನ್ನ ಹುಡುಗರೆಲ್ಲ ಅಲ್ಲಿಗೆ ಹೋದರು. ಉಳಿದವರು ರಜಿಯಾ ಮತ್ತು ಗಿಲ್ಲೆಸುಗೂರಿನ ಅಯ್ಯಪ್ಪ. ಜಪಾನದ ಮಾನ್ಯತೆ ಬಂದರೆ ತರಗತಿ ಉಳಿಯುತ್ತದೆ, ಇಲ್ಲವಾದರೆ ಈ ಬೇಸಿಗೆಗೆ ಮುಚ್ಚುವುದೆಂದು ತೀರ್ಮಾನಿಸಿದ್ದೆ. ನಿನಗೆ ಭಾರವಾಗಬಾರದೆಂದು ಬರೆಯಲಿಲ್ಲ.

ಆ ಹಿರಿಯರ ಮುಂದೆ ಕೈ ಹೋಗದಂತೆ ನೋಡಿಕೋ.

ಉರುಕುಂದಪ್ಪ

ಕ್ಯಾಸೆಟ್, ಮಸ್ಕತ್ತಿನಿಂದ ರಾಯಚೂರಿಗೆ
೧೬ ಡಿಸೆಂಬರ್ ೧೯೮೫

ಮಾಸ್ತರ್ರ, ತಂತಿ ಬಂತು. ಮೊದಲು ಹೆದರಿದೆ, ಯಾರೋ ಹೋಗಿಬಿಟ್ರು ಅಂತ. ಸಾವಿನ ಸುದ್ದಿ ಅಲ್ಲ ಅಂತ ತಿಳಿದು ಉಸಿರು ಬಿಟ್ಟೆ. ಆಮ್ಯಾಲ ಕುಂತು ಎರಡನೇ ಸಲ ಓದಿದೆ, ನನಗ ತಿಳೀತು. ಕಲಿಸಬೇಡ, ಜಪಾನಿಗೆ ತೋರಿಸಬೇಡ. ಅಂದ್ರ ಅದು ಗುಟ್ಟು. ಹವಾಲ್ದಾರರು ನಿಮಗಷ್ಟೇ ಕೊಟ್ಟಿದ್ದು. ಅದಕ್ಕೇ ನಾ ಯಾಕ ಅಂತ ಕೇಳಿದಾಗ ಸಿಟ್ಟಾದ್ರಿ. ಈಗ ಪೂರಾ ಹೊಂದಿತು.

ನಾ ಎಂಥಾ ಹುಚ್ಚ. ಮನೀ ಬಂಗಾರ ತಗೊಂಡು ಬಜಾರದಾಗ ಹಂಚಾಕತ್ತಿದ್ದೆ. ಅವತ್ತೇ ಅರವತ್ತು ಮಂದಿಗೆ ಕಲಸೂದು ನಿಲ್ಲಿಸಿದೆ. ಕಲ್ತವರಿಗೆ ‘ಹೊರಗ ಯಾರ ಮುಂದೂ ಮಾಡಬ್ಯಾಡ್ರಿ’ ಅಂದೆ. ಅದರಿಂದ ಏನಾತಂದ್ರ, ಸುಲೇಮಾನ್ ಇನ್ನಾ ಹೆಚ್ಚು ಮಾಡಾಕತ್ಯಾನ. ಪೊಲೀಸ್ ಠಾಣ್ಯಾಗ ಬಾಗಲ ಹಾಕ್ಕೊಂಡು ಮಾಡ್ತಾನಂತ.

ಆದ್ರ ಮಾಸ್ತರ್ರ, ಒಂದು ಮಾತು ಮೀರ್ತೀನಿ. ಮೊದಲನೇ ಸಲ. ಮೊರಿಶಿತಾ ಅವರು ಗುರುವಾರ ಬರ್ತಾರ, ಶನಿವಾರ ನನ್ನ ಪರೀಕ್ಷಾ. ಅವರ ಮುಂದ ಆ ಕೈ ಮಾಡೇ ಮಾಡ್ತೀನಿ. ಉಳಿದ ಕಾತಾ ಜಗತ್ತಿನ್ಯಾಗ ಎಲ್ಲಾರೂ ಮಾಡ್ತಾರ, ಅವರು ಸಾವಿರ ಸಲ ನೋಡ್ಯಾರ. ಇದನ್ನ ನೋಡಿದ್ರ ಕುರ್ಚಿ ಬಿಟ್ಟು ಏಳ್ತಾರ. ಅವರು ನಿಮ್ಮ ಗುಟ್ಟು ತಗೊಂಡು ಜಪಾನಕ್ಕ ಹೋದ್ರ ಹೋಗ್ಲಿ, ನಿಮ್ಮ ಹೆಸರೂ ಅದರ ಸಂಗಡ ಹೋಗ್ತದ. ಸಿಟ್ಟಾದ್ರ ಬಂದ ಮ್ಯಾಲ ಹೊಡೀರಿ.

ಕ್ಯಾಸೆಟ್, ಮಸ್ಕತ್ತಿನಿಂದ ರಾಯಚೂರಿಗೆ
೨೨ ಡಿಸೆಂಬರ್ ೧೯೮೫

ಮಾಸ್ತರ್ರ, ಹೋದ ಕ್ಯಾಸೆಟ್ ಬಂದಿದ್ರ ಕೇಳಬ್ಯಾಡ್ರಿ. ರಜಿಯಾನ ಕೈಯಾಗ ಕೊಟ್ಟು ಅದರ ಮ್ಯಾಲ ಬ್ಯಾರೆ ಏನಾರ ತುಂಬಸ್ರಿ.

ನಿಮ್ಮ ಪತ್ರ ಶನಿವಾರ ಮುಂಜಾನೆ ಬಂತು. ನಾ ಪಟ್ಟಾ ಕಟ್ಟಿ ತಯ್ಯಾರಾಗಿ ನಿಂತೀನಿ, ಮೊರಿಶಿತಾ ಅವರು ಹಾಲ್‌ನ್ಯಾಗ ಬಂದು ಕುಂತಾರ, ಮ್ಯಾಥ್ಯೂ ತಂದು ಕೊಟ್ಟ. ಗ್ವಾಡಿಗೆ ಆತು ನಿಂತು ಓದಿದೆ. ‘ಅದು ನನ್ನ ಮೊರ’ ಅನ್ನೋತನಕ ಬಂದೆ, ಆ ಸಾಲು ಹೊಳ್ಳಿ ಓದಿದೆ. ಮುಂದಕ್ಕ ಓದಿದೆ, ಇಬ್ಬರೇ ಉಳಿದಾರ ಅಂತ. ಅದನ್ನ ಓದಿದ ಮ್ಯಾಲ ಮಾತ್ರ ಹೆದರಿಕಿ ಹತ್ತಿತ್ರಿ. ಅಲ್ಲಿತನಕ ನನಗ ಇದು ಆಟ ಇತ್ತು.

ಹೆಸರು ಕರದ್ರು. ಮೊರಿಶಿತಾ ಸಣ್ಣ ಮನಿಷಾ, ನಮ್ಮ ನಬೀಸಾಬರಷ್ಟೇ. ರೆಪ್ಪಿ ಹೊಡಿಯಂಗಿಲ್ಲ. ಶುರು ಮಾಡಿದೆ. ಹೆಜ್ಜಿ ಹೆಜ್ಜಿಗೂ ನನಗ ನಾನೇ ಹೇಳಾಕತ್ತೀನಿ, ಕೈ ಬ್ಯಾಡ, ಕೈ ಬ್ಯಾಡ. ಬಲಕ್ಕ ತಿರುಗಿದೆ, ಒದ್ದೆ, ಕಾಲು ತಗದೆ. ಕೈ ಹೋತ್ರಿ. ಬಗ್ಗಿ ಮುಟ್ಟಿ ಎದೀಗೆ ಬಂದು ಕುಂತು. ಹತ್ತು ವರ್ಷದ ಕೈ, ಅದೇನು ನನ್ನ ಮಾತು ಕೇಳ್ತದ?

ಆಮ್ಯಾಲ ಅರವತ್ತೂ ಮಂದಿ ಕೂಡಿ ಮಾಡಬೇಕಿತ್ತು. ಕೆಲವರ ಕೈ ಹೋತು, ಕೆಲವರದು ಅರ್ಧ ಹೋಗಿ ನಿಂತು. ಸುಲೇಮಾನನದು ಎಲ್ಲಾರ್ಕಿಂತ ಜೋರು.

ಮೊರಿಶಿತಾ ಕೈ ಎತ್ತಿ ನಿಲ್ಲಿಸಿದ್ರು. ಅವರು ಅವರ ಇಂಗ್ಲಿಷಿನ್ಯಾಗ ಕೇಳಿದ್ದನ್ನ ಮ್ಯಾಥ್ಯೂ ನನಗ ಹಿಂದಿ ಭಾಷಾದಾಗ ಹೇಳಿದ. ‘ಇದು ಏನು?’

ಮಾಸ್ತರ್ರ, ಕತ್ತಿ ಕಥಿ ನನ್ನ ನಾಲಗಿ ತುದಿ ಮ್ಯಾಲೇ ಇತ್ತು. ಸುಲೇಮಾನ್ ಕಟ್ಟಿಗಿ ಕತ್ತಿ ಹಿಡಕೊಂಡು ಅರ್ಧ ಎದ್ದೇಬಿಟ್ಟಿದ್ದ. ಒಂದು ಸುಳ್ಳು ಹೇಳಿದ್ರ ನಿಮ್ಮ ಕ್ಲಾಸ್ ಉಳೀತಿತ್ತೋ ಏನೋ. ಆದ್ರ ಅವ್ವನ್ನ ಕತ್ತಿ ಹಿಡಿದ ವೈರಿ ಅಂತ ಹೆಂಗ ಹೇಳಲಿ? ಗೊತ್ತಿಲ್ದಾಗ ಹೇಳಿದ್ದು ಬ್ಯಾರೆ. ನಾ ಅಂದೆ, ಅಲ್ಲಿ ನಮ್ಮ ಮಾಸ್ತರ್ರ ಅವ್ವ ಕುಂತಿರ್ತಾಳ. ಶೇಂಗಾ ಒಡೀತಾಳ. ಮೊರಕ್ಕ ಕಾಲು ತಾಕಿದ್ರ ಹಿಂಗ ಮಾಡ್ತೀವಿ.

ಮ್ಯಾಥ್ಯೂ ನನ್ನ ಕಡೆ ನೋಡಿ, ‘ಇದನ್ನ ಹೇಳ್ಲ್ಯಾ?’ ಅಂದ. ಹೇಳು ಅಂದೆ. ಹೇಳಿದ. ಮೊರಿಶಿತಾ ಏನೂ ತಿಳೀದವರಂಗ ಇನ್ನೊಮ್ಮಿ ಕೇಳಿದ್ರು. ಮ್ಯಾಥ್ಯೂ ನೆಲಕ್ಕ ಕುಂತು, ಮೊರ ಕೇರಿದಂಗ ಮಾಡಿ ತೋರಿಸಿದ. ಅಷ್ಟು ಮಂದಿ ಮುಂದ, ಟೈ ಕಟ್ಟಿದವ. ಯಾರೂ ನಗಲಿಲ್ಲ, ಎಲ್ಲಾರಿಗೂ ಹೆದರಿಕಿ.

‘ಆಕಿ ಯಾಕ ಏಳಂಗಿಲ್ಲ?’ ಅಂತ ಕೇಳಿದ್ರು.

‘ಆಕಿ ಮನಿರಿ ಅದು’ ಅಂದೆ.

‘ಆಕಿಗೆ ಒಮ್ಮ್ಯಾರ ಪೆಟ್ಟಾಗ್ಯದೇನು?’

‘ಮೊರಕ್ಕ ಮಾತ್ರರಿ. ಆಕಿಗೆ ಒಮ್ಮೀನೂ ಇಲ್ಲ.’

ಆಮ್ಯಾಲ ಅವರು ತೀರ್ಪು ಕೊಟ್ರು. ಕಾತಾದಾಗ ಇಲ್ಲದ್ದು ಸೇರಿಸಬಾರದು, ತಪ್ಪು ತಪ್ಪೇ. ನನ್ನ ಕಾತಾಕ್ಕ ಸೈ ಅನ್ನಲಿಲ್ಲ, ನಾ ಇನ್ನೊಂದು ವರ್ಷ ಕಲೀಬೇಕು. ಉಳಿದ ಹೆಜ್ಜಿ ಭಾಳ ಚಲೋ ಅದಾವ, ಕಲಿಸಿದವರನ್ನ ನೋಡಬೇಕು ಅಂದ್ರು. ಫೆಬ್ರುವರಿದಾಗ ಅವರು ಬಾಂಬೆಗೆ ಬರ್ತಾರ. ನೀವೇ ಬಂದು ಅವರ ಮುಂದ ಕಾತಾ ಮಾಡಬೇಕು. ಕೈ ಹೋಗಬಾರ್ದು. ಹೋಗ್ಲಿಲ್ಲಂದ್ರ ರಾಯಚೂರಿಗೆ ಮಾನ್ಯತಾ.

ಬರ್ರಿ ಮಾಸ್ತರ್ರ. ಡ್ಯೂಟಿ ಗೀಟಿ ನೆಪ ಹೇಳಬ್ಯಾಡ್ರಿ. ಇಲ್ಲಿ ಕ್ಲಬ್ಬಿನವರು ನನ್ನ ಒಂದು ವರ್ಷ ಇರು ಅಂದಾರ, ಕಲಿಸ್ತಾ ಕಲಿ ಅಂತ. ಅದಕ್ಕ ನಾ ಬಾಂಬೆದಾಗ ಇರಂಗಿಲ್ಲ. ನನ್ನ ಖೋಲಿಯವರು ಸ್ಟೇಷನ್ನಿಗೆ ಬರ್ತಾರ. ನನಗ ಈಗಿಂದನೇ ನಿದ್ದಿ ಹತ್ತವಲ್ದು.

ರಾಯಚೂರು
೨೪ ಫೆಬ್ರುವರಿ ೧೯೮೬

ಪ್ರೀತಿಯ ಸಲಾವುದ್ದೀನ್,

ನಿನ್ನೆ ಬೆಳಗಿನ ಗಾಡಿಗೆ ಬಾಂಬೆಯಿಂದ ಬಂದು ಇಳಿದೆ. ನೀನು ಕಾದಿರುತ್ತೀ ಎಂದು ಗೊತ್ತು, ಆದರೂ ಹೋಗುವ ಮುಂಚಿನದನ್ನು ಮೊದಲು ಹೇಳುತ್ತೇನೆ. ಆ ಎರಡು ತಿಂಗಳು ಹೇಗೆ ಕಳೆದವೆಂಬುದು ನಿನ್ನಂಥವನಿಗೆ ಮಾತ್ರ ಅರ್ಥವಾದೀತು.

ಅವ್ವನಿಗೆ ಹಿತ್ತಲಲ್ಲಿ ಕೂರು ಎಂದು ಹೇಳಿ ನೋಡಿದೆ. “ಸೊಸಿಯಾಗಿ ಬಂದಾಗಿಂದ ಇಲ್ಲೇ ಕುಂತೀನಿ. ಜಪಾನದಾಂವ ಹೇಳಿದ್ನಂತ ಏಳಲೇನು?” ಎಂದಳು. ಸರಿ, ನಾನೇ ಬಸ್ ಡಿಪೋದ ಹಿಂದೆ ಅಭ್ಯಾಸ ಶುರು ಮಾಡಿದೆ. ಅಲ್ಲಿ ಮೊರವಿಲ್ಲ, ಹೊಸ್ತಿಲಿಲ್ಲ. ಕೈ ಆದರೂ ಹೋಗುತ್ತಿತ್ತು. ನಮ್ಮ ಡ್ರೈವರ್ ತಾಯಣ್ಣ ನೋಡಿ, “ಏನ್ರಿ ಕಂಡಕ್ಟರ್ರ, ದಿನಾ ಯಾರ ಕಾಲು ತುಳಿದು ಮಾಫಿ ಕೇಳಾಕತ್ತೀರಿ?” ಎಂದ. ಕೊನೆಗೆ ರಜಿಯಾ ಒಂದು ಉಪಾಯ ಹೇಳಿದಳು. ಮುಷ್ಟಿಯಲ್ಲಿ ಒಂದು ಹಸಿ ಮೊಟ್ಟೆ ಹಿಡಿದು ಮಾಡಿರಿ ಎಂದಳು. ಎದೆಗೆ ಒತ್ತಿದರೆ ಒಡೆಯುತ್ತದೆ. ಎಷ್ಟು ಅಂಗಿ ಹಾಳಾದವೆಂದು ಕೇಳಬೇಡ. ಮೊಟ್ಟೆ ತಂದುಕೊಡುತ್ತಿದ್ದ ಅಯ್ಯಪ್ಪ ತನ್ನ ಮನೆಯ ಕೋಳಿಗಳ ಲೆಕ್ಕ ಹೇಳಿ ಹೇಳಿ ಅತ್ತ.

ಬಾಂಬೆಯ ಹಾಲ್ ನೀನು ಹೇಳಿದ ಮಸ್ಕತ್ತಿನ ಹಾಲ್‌ನ ಹಾಗೆಯೇ ಇತ್ತು, ಎಣ್ಣೆ ಹಚ್ಚಿದಂಥ ನೆಲ. ಮೊರಿಶಿತಾ ಅವರು ಎದುರಿಗೆ ಕುಳಿತಿದ್ದರು. ನಾನು ಬಲಕ್ಕೆ ತಿರುಗಿದೆ, ಒದ್ದೆ, ಕಾಲು ತೆಗೆದೆ. ಕೈ ಇದ್ದಲ್ಲೇ ಇತ್ತು. ಆ ಒಂದು ಕ್ಷಣ ಆ ಖಾಲಿ ನೆಲವನ್ನು ನೋಡಿ ನನಗೆ ಏನೋ ತಪ್ಪು ಮಾಡಿದಂತೆ ಅನ್ನಿಸಿತು. ಆದರೂ ಮುಂದಿನ ಹೆಜ್ಜೆ ಇಟ್ಟೆ, ಕಾತಾ ಮುಗಿಸಿದೆ. ಅವರು ಎದ್ದು ನಿಂತು ಬಾಗಿದರು. ಮಾನ್ಯತೆ ಸಿಕ್ಕಿತು, ಸಲಾವುದ್ದೀನ್. ಮುದ್ರೆ ಕೆಂಪಗಿದೆ. ನಬೀಸಾಬರು ಅದನ್ನು ತಾವೇ ಚೌಕಟ್ಟು ಹಾಕಿಸುತ್ತೇನೆಂದು ಒಯ್ದು, ಬರುವ ಗಿರಾಕಿಗಳಿಗೆಲ್ಲ ತೋರಿಸುತ್ತ ಇನ್ನೂ ಅಂಗಡಿಯಲ್ಲೇ ಇಟ್ಟುಕೊಂಡಿದ್ದಾರೆ. ಇವತ್ತು ಸಂಜೆ ಸ್ಟೇಷನ್ ಕಡೆಯ ತರಗತಿಗೆ ಹೋಗಿದ್ದ ಹುಡುಗರು ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಒಳಗೆ ಬರ್ರಿ ಎಂದೆ.

ಅವ್ವನಿಗೆ ಎಲ್ಲವನ್ನೂ ಕೂತು ಹೇಳಿದೆ. ಕೇಳುತ್ತ ಕೇಳುತ್ತ ಶೇಂಗಾ ಒಡೆದಳು. ನಾನು ಹೇಳಿ ಮುಗಿಸಿದ ಮೇಲೆ ಕೇಳಿದಳು.

“ನೀ ಒದ್ದ ಕಡೆ ಯಾರೂ ಕುಂತಿರಲಿಲ್ಲೇನು?”

“ಇಲ್ಲ ಯವ್ವಾ.”

“ಏನೂ ಇಟ್ಟಿರಲಿಲ್ಲ?”

“ಏನೂ ಇರಲಿಲ್ಲ.”

“ಹಂಗಾದ್ರ ಅದರಾಗ ಏನು ದೊಡ್ಡದು ಅದನೋ? ಖಾಲಿ ಜಾಗದಾಗ ಒದಿಯೂದು ಯಾರಿಗೆ ಬರಂಗಿಲ್ಲ?”

ಮೊರಿಶಿತಾ ಅವರು ಮತ್ತೆ ಮಸ್ಕತ್ತಿಗೆ ಬಂದರೆ ಅವ್ವನ ಈ ಪ್ರಶ್ನೆಯನ್ನು ಅವರಿಗೇ ಕೇಳಿ, ಕ್ಯಾಸೆಟ್ಟಿನಲ್ಲಿ ಹೇಳು.

ನಿನ್ನ
ಉರುಕುಂದಪ್ಪ